ಕೀವಿಲ್ಲದ ಗಾಯ

ಜೂನ್ 19, 2003, ಗುರುವಾರ

ಔಷಧಿ ಕಂಪನಿಯವರು ಜನವರಿಯಲ್ಲಿ ಕೊಟ್ಟ ಡೈರಿ ಇದು. ಆರು ತಿಂಗಳು ಬೀರುವಿನ ಮೇಲೆ ಬಿದ್ದಿತ್ತು. ಇವತ್ತು ಬರೆಯದಿದ್ದರೆ ನಾಲ್ಕನೆಯವರ ಮೇಲೂ ಕೂಗಾಡುತ್ತೇನೆ. ಮೂವರ ಮೇಲೆ ಆಗಲೇ ಆಗಿದೆ.

ಮೊದಲನೆಯದು ಲ್ಯಾಬಿನಲ್ಲಿ. ಶಿವಮೊಗ್ಗದ ದುರ್ಗಿಗುಡಿಯ ಆ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ, ಅದಕ್ಕೂ ಮೊದಲು ಬೇರೆ ಕಡೆ ಹತ್ತು ವರ್ಷ, ಊರ ಜನರ ರಕ್ತದ ಕಣಗಳನ್ನು ಮೈಕ್ರೋಸ್ಕೋಪಿನಲ್ಲಿ ಒಂದೊಂದಾಗಿ ಎಣಿಸಿದವನು ನಾನು. ಮಾಲೀಕರಾದ ಡಾಕ್ಟರ್ ವಿಜಯೇಂದ್ರ ಈಗ ಒಂದು ಮಿಷನ್ ತಂದು ಕೂರಿಸಿದ್ದಾರೆ. ಒಂದು ತೊಟ್ಟು ರಕ್ತ ಹೀರಿ, ಒಂದೇ ನಿಮಿಷದಲ್ಲಿ ಎಲ್ಲವನ್ನೂ ಚೀಟಿಯ ಮೇಲೆ ಉಗುಳುತ್ತದೆ. "ಷಣ್ಮುಖಪ್ಪ, ಇನ್ಮೇಲೆ ಕಣ್ಣು ನೋಯಿಸ್ಕೋಬೇಡಿ" ಎಂದರು. ನನ್ನ ಕಣ್ಣು ನೋಯುತ್ತಿದೆ ಎಂದು ನಾನು ಯಾರಿಗೆ ಹೇಳಿದ್ದೆ?

ಎರಡನೆಯದು ಕರೆಂಟ್ ಆಫೀಸಿನವನ ಮೇಲೆ, ಫೋನಿನಲ್ಲಿ. ಬಾಣಂತಿ ಇರುವ ಮನೆ ಎಂದರೂ ಅವನಿಗೆ ಕೇಳಿಸಲಿಲ್ಲ.

ಮೂರನೆಯವಳು ಕಲ್ಲಮ್ಮ. ನನ್ನ ತಂಗಿ, ಈಗ ಬೀಗಿತ್ತಿಯೂ ಹೌದು. ಅವಳ ಮಗ ಶಿವರಾಜನಿಗೇ ನನ್ನ ಒಬ್ಬಳೇ ಮಗಳು ಸುಮನಾಳನ್ನು ಕೊಟ್ಟಿದ್ದೇನೆ. ನೆಂಟಸ್ತಿಕೆ ಹೊರಗೆ ಹೋಗಬಾರದು ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಕಲ್ಲಮ್ಮನನ್ನೂ ನಮ್ಮ ಅವ್ವನ ತಮ್ಮ ಬಂಗಾರಪ್ಪನಿಗೇ ಕೊಟ್ಟಿದ್ದರು. ಸುಮನಾ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಾಳೆ. ಹೆಣ್ಣು ಕೂಸು, ಇವತ್ತಿಗೆ ಹನ್ನೊಂದು ದಿನ. ಕೂಸಿಗೆ ನೀರು ಹಾಕುವವಳು ತಾನೇ ಎಂದು ಕಲ್ಲಮ್ಮ ಭದ್ರಾವತಿಯಿಂದ ಚೀಲ ಹೊತ್ತು ಬಂದಿಳಿದಳು. "ಬಸ್ಸಿನ ಕಂಬಿ ಹಿಡಿದ ಕೈಯಲ್ಲಿ ಕೂಸು ಮುಟ್ಟಬೇಡ. ಸೋಪು ಹಾಕಿ ಮೂರು ಸಲ ತೊಳಿ" ಎಂದೆ. ನನ್ನ ಹೆಂಡತಿ ವಿಮಲಮ್ಮ ಒಳಗಿನಿಂದಲೇ, "ರೀ, ಬಂದೋರಿಗೆ ಕುಡಿಯೋಕೆ ನೀರು ಕೊಡೋದು ಬಿಟ್ಟು ಇದೇನ್ರೀ" ಎಂದು ನನಗೇ ಬೈದಳು.

ಹೇಳಿದ್ದರಲ್ಲಿ ತಪ್ಪೇನು? 1971ರಲ್ಲಿ ಇದೇ ಕಲ್ಲಮ್ಮನ ಮೊದಲ ಕೂಸು ಹೊಕ್ಕುಳು ನಂಜಾಗಿ ಹೋಯಿತು. ಆಗ ನಾನು ಲ್ಯಾಬ್ ಟ್ರೈನಿಂಗ್ ಮುಗಿಸಿ ಹೊಸದಾಗಿ ಬಂದವನು. ಅವಳ ಕೈಯ ಕೊಳೆಯಿಂದಲೇ ಆದದ್ದು ಎಂದು ಎಲ್ಲರೆದುರಿಗೆ ಹೇಳಿದ್ದೆ. ಈಗಲೂ ಹೇಳುತ್ತೇನೆ.

ಜೂನ್ 24, ಮಂಗಳವಾರ

ಹದಿನಾರು ದಿನವಾಯಿತು. ಹೊಕ್ಕುಳ ಬಳ್ಳಿಯ ತುಂಡು ಇನ್ನೂ ಉದುರಿಲ್ಲ. ಬೇರೆ ಮಕ್ಕಳಿಗೆ ವಾರ, ಹತ್ತು ದಿನದಲ್ಲಿ ಒಣಗಿ ಬೀಳುತ್ತದೆ. ನಮ್ಮ ಮನೆತನದಲ್ಲಿ ಅದು ಬೀಳದೆ ಕೂಸನ್ನು ತೊಟ್ಟಿಲಿಗೆ ಹಾಕುವುದಿಲ್ಲ, ಹೆಸರೂ ಇಡುವುದಿಲ್ಲ. ಹಾಗಾಗಿ ಇಡೀ ಬೀದಿಗೆ ಈಗ ಅದೇ ಕೆಲಸ. ಪಕ್ಕದ ಮನೆಯ ಕಾಶಮ್ಮ ಹರಳೆಣ್ಣೆ ಹಚ್ಚಿ ಎಂದಳು. ಅವಳ ಅತ್ತೆ ಚಿಪ್ಪಿನ ಬೂದಿ ಎಂದಳು. ಇಬ್ಬರನ್ನೂ ಗೇಟಿನಿಂದಲೇ ಕಳಿಸಿದೆ. ಅಳಿಯ ಶಿವರಾಜ ದಿನಕ್ಕೆರಡು ಸಲ, ಕಾರ್ಖಾನೆಗೆ ಹೋಗುವಾಗೊಮ್ಮೆ ಬರುವಾಗೊಮ್ಮೆ, ಫೋನ್ ಮಾಡುತ್ತಾನೆ. "ಮಾವ, ಬಿತ್ತಾ?"

"ಬಿದ್ರೆ ನಾನೇ ಫೋನ್ ಮಾಡ್ತೀನಿ ಮಾರಾಯ, ಇಡು!"

ಕಲ್ಲಮ್ಮ ಮಧ್ಯಾಹ್ನ ನಾನು ಊಟಕ್ಕೆ ಕೂತಾಗ ಕಂಬಕ್ಕೆ ಒರಗಿ ನಿಂತು, "ಅಣ್ಣ, ದೊಡ್ಡ ಡಾಕ್ಟ್ರಿಗೆ ತೋರ್ಸಣ" ಎಂದಳು. ಮೂವತ್ತೆರಡು ವರ್ಷ ಆಸ್ಪತ್ರೆ ಕೆಲಸ ಮಾಡಿದವನು ಮನೆಯಲ್ಲೇ ಕೂತಿದ್ದೇನೆ. "ನಾನಿದ್ದೀನಲ್ಲ, ನೀನು ಕೈ ತೊಳ್ಕೊಂಡ್ರೆ ಸಾಕು" ಎಂದೆ. ಅವಳು ಏನೂ ಹೇಳದೆ ಬಚ್ಚಲಿಗೆ ಹೋದಳು. ಅವಳ ಈ ಮೌನ ಇದೆಯಲ್ಲ, ಅದು ಬಾಯಿಗಿಂತ ಹೆಚ್ಚು ತಲೆ ತಿನ್ನುತ್ತದೆ.

ಜೂನ್ 30, ಸೋಮವಾರ

ಹೊಕ್ಕುಳ ಸುತ್ತ ಕೆಂಪಾಗಿದೆ. ಒತ್ತಿದರೆ ಕೂಸು ಅರಚುತ್ತದೆ. ಆದರೆ ಕೀವಿಲ್ಲ. ಎಷ್ಟು ನೋಡಿದರೂ ಒಂದು ಹನಿ ಕೀವಿಲ್ಲ. ಅಷ್ಟರಮಟ್ಟಿಗೆ ವಾಸಿ ಎಂದುಕೊಂಡೆ.

ಆದರೂ ಸುಮನಾ ಅಳುತ್ತಾಳೆಂದು ಹತ್ತಿಕಡ್ಡಿಯಲ್ಲಿ ಗಾಯವನ್ನು ಒರೆಸಿಕೊಂಡು ಲ್ಯಾಬಿಗೆ ಒಯ್ದೆ. ಸ್ಲೈಡಿಗೆ ಸವರಿ, ಬಣ್ಣ ಹಾಕಿ ನೋಡಿದರೆ ಕ್ರಿಮಿಗಳು ರಾಶಿ ರಾಶಿ. ಕೀವು ಕಣ ಒಂದೂ ಇಲ್ಲ. ಇದು ಆಗುವ ಮಾತಲ್ಲ. ಕ್ರಿಮಿ ಗಾಯದೊಳಗಿನದಾದರೆ ಅದನ್ನು ತಿನ್ನಲು ರಕ್ತದ ಬಿಳಿ ಕಣಗಳು ಬಂದೇ ಬರುತ್ತವೆ. ಸತ್ತು ಬಿದ್ದ ಅವೇ ಕೀವು. ಕ್ರಿಮಿ ಇದ್ದು ಕೀವು ಕಣ ಇಲ್ಲವೆಂದರೆ ಕ್ರಿಮಿ ಹೊರಗಿನಿಂದ, ಮುಟ್ಟಿದವರ ಕೈಯಿಂದ, ಮೆತ್ತಿಕೊಂಡಿದೆ ಎಂದೇ ಅರ್ಥ. ಟ್ರೈನಿಂಗಿಗೆ ಬಂದ ಹುಡುಗಿಯರಿಗೆಲ್ಲ ಇದನ್ನೇ ಕಲಿಸಿದ್ದೇನೆ. 'ಹೊರಗಿನ ಕೊಳೆ, ಸ್ಯಾಂಪಲ್ ಸರಿಯಿಲ್ಲ' ಎಂದು ಚೀಟಿ ಬರೆದೆ, ಆಮೇಲೆ ನನ್ನ ಮೊಮ್ಮಗಳಿಗೆ ನಾನೇ ಚೀಟಿ ಬರೆಯುವುದೇನೆಂದು ಅದನ್ನು ಹರಿದೆ. ಸ್ಲೈಡನ್ನು ಬಕೆಟ್ಟಿಗೆ ಹಾಕಿದೆ.

ಮನೆಗೆ ಬಂದು ಕಲ್ಲಮ್ಮನ ಮೇಲೆ ಹರಿಹಾಯ್ದೆ. "ನಿನ್ನ ಕೈಯ ಕೊಳೆ ನನ್ನ ಕಣ್ಣಾರೆ ನೋಡ್ಕೊಂಡು ಬಂದೆ. ಒಂದು ಕೂಸು ತಿಂದಿದ್ದು ಸಾಕಾಗ್ಲಿಲ್ವಾ?" ಎಂದುಬಿಟ್ಟೆ.

ಸಂಜೆ ಬಸ್ಸಿಗೆ ಅವಳು ಭದ್ರಾವತಿಗೆ ಹೋದಳು. ವಿಮಲಮ್ಮ ನನಗೆ ಊಟ ಬಡಿಸಲಿಲ್ಲ. ನಾನೇ ಹಾಕಿಕೊಂಡು ತಿಂದೆ.

ಜುಲೈ 2, ಬುಧವಾರ

ಕೆಂಪು ಕಡಿಮೆಯಾಗಿಲ್ಲ. ಈಗ ಮುಟ್ಟುತ್ತಿರುವುದು ನಾನು ಮತ್ತು ಸುಮನಾ ಇಬ್ಬರೇ.

ಜುಲೈ 4, ಶುಕ್ರವಾರ

ಬೆಳಗಿನ ಜಾವದಿಂದ ಜ್ವರ. ಕೂಸು ಹಾಲು ಬಿಟ್ಟಿದೆ. ಹೊಟ್ಟೆಯ ಮೇಲಿನ ಕೆಂಪು ಅಂಗೈ ಅಗಲವಾಗಿದೆ, ನಡುವೆ ಚರ್ಮ ಕಪ್ಪಗಾಗಿದೆ. ಆಟೋದಲ್ಲಿ ನರ್ಸಿಂಗ್ ಹೋಮಿಗೆ ಒಯ್ದೆವು. ಅಲ್ಲಿ ಮಕ್ಕಳ ಡಾಕ್ಟರ್ ಎಂದರೆ ಶಾಮಲಾ ಎಂಬ ಹುಡುಗಿ. ಓದು ಮುಗಿಸಿ ವರ್ಷವೂ ಆಗಿರಲಿಕ್ಕಿಲ್ಲ. ಮೊದಲ ಪ್ರಶ್ನೆಯೇ, "ಇಪ್ಪತ್ತಾರು ದಿನ ಏನ್ ಮಾಡ್ತಿದ್ರಿ?" ನನಗೆ ಉರಿದುಹೋಯಿತು.

ರಕ್ತ ನಮ್ಮ ಲ್ಯಾಬಿಗೇ ಬಂತು. ಮಿಷನ್ ಬಿಳಿ ಕಣ ಎಪ್ಪತ್ತೊಂದು ಸಾವಿರ ಎಂದು ಉಗುಳಿತು. ಇಷ್ಟು ಚಿಕ್ಕ ಕೂಸಿಗೆ ಹದಿನೈದು, ಹೆಚ್ಚೆಂದರೆ ಇಪ್ಪತ್ತು ಸಾವಿರ ಇರಬೇಕು. ಮಿಷನ್ ಕೆಟ್ಟಿದೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಎಣಿಕೆಗೆಂದೇ ಗೆರೆ ಕೊರೆದ ಗಾಜಿನ ಚೌಕಗಳಲ್ಲಿ ಕೈಯಾರೆ ಎಣಿಸಿದೆ. ಅರವತ್ತೊಂಬತ್ತು ಸಾವಿರ. ಮತ್ತೆ ಎಣಿಸಿದೆ. ಎಪ್ಪತ್ತು.

ಮಿಷನ್ ಸರಿಯಾಗಿತ್ತು. ವಿಜಯೇಂದ್ರ ನನ್ನ ಹೆಗಲ ಮೇಲೆ ಕೈಯಿಟ್ಟು, "ರಕ್ತದ ಕ್ಯಾನ್ಸರ್ ಇರಬಹುದಾ ನೋಡ್ಬೇಕು" ಎಂದರು. ಕೈ ತೆಗೆಯಿರಿ ಸಾರ್ ಎಂದೆ. ನನಗೆ ತುಂಬಾ ಭಯವಾಗಿದೆ.

ಜುಲೈ 7, ಸೋಮವಾರ

ಕ್ಯಾನ್ಸರ್ ಅಲ್ಲ. ಕಣಗಳೆಲ್ಲ ಬಲಿತ ಕಣಗಳೇ. ಮತ್ತೇನು ಎಂದರೆ ಯಾರಿಗೂ ಗೊತ್ತಿಲ್ಲ. ಮೂರು ಬಗೆಯ ಔಷಧಿ ಸೂಜಿಯಲ್ಲಿ ಹೋಗುತ್ತಿದೆ. ಆಸ್ಪತ್ರೆಯ ಫೈಲಿನ ಮೇಲೆ 'ಸುಮನಾಳ ಕೂಸು' ಎಂದಷ್ಟೇ ಬರೆದಿದ್ದಾರೆ.

ಬೆಳಿಗ್ಗೆ ಹತ್ತಕ್ಕೆ ಕಲ್ಲಮ್ಮ ಬಂದಳು. ಯಾರೂ ಕರೆದಿರಲಿಲ್ಲ. "ಯಾಕೆ ಬಂದೆ?" ಎಂದೆ. "ಇವತ್ತಿಗೆ ಇಪ್ಪತ್ತೊಂಬತ್ತನೇ ದಿನ ಅಣ್ಣ, ಮನೇಲಿ ಕೂರೋಕಾಗ್ಲಿಲ್ಲ" ಎಂದಳು. ಆ ದಿನದಲ್ಲಿ ಏನಿದೆಯೋ ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಶಾಮಲಾ ಡಾಕ್ಟರ್ ರೌಂಡ್ಸಿಗೆ ಬಂದು, ಮನೆತನದಲ್ಲಿ ಹಿಂದೆ ಯಾವುದಾದರೂ ಮಗು ಹೀಗೆ ತೀರಿಕೊಂಡಿದೆಯೇ ಎಂದು ಕೇಳಿದರು. "ಇಲ್ಲ. ಒಂದು ಹೋಗಿದೆ, ಅದು ಕೊಳಕಿನಿಂದ" ಎಂದೆ. ಕಲ್ಲಮ್ಮ ಬಾಗಿಲ ಹತ್ತಿರ ನಿಂತಿದ್ದವಳು ಒಳಗೆ ಬಂದಳು.

"ನಂದು ಡಾಕ್ಟ್ರೇ. ಅದ್ಕೂ ಹೊಕ್ಕುಳು ಬೀಳ್ಲಿಲ್ಲ. ಸುತ್ತ ಕೆಂಪಾಯ್ತು, ಆಮೇಲೆ ಕಪ್ಪಾಯ್ತು. ಇಪ್ಪತ್ತೊಂಬತ್ತನೇ ದಿನ ಹೋಯ್ತು. ಆದ್ರೆ ಒಂದು ಹನಿ ಕೀವಿರ್ಲಿಲ್ಲ."

"ಕೀವಿರ್ಲಿಲ್ಲ ಅಂತ ಗ್ಯಾರಂಟಿನಾ ಅಮ್ಮ?"

"ದಿನಾ ನೋಡ್ತಿದ್ದೆ. ಕೊಳಕು ಅಂತಿದ್ರಲ್ಲ, ಎಲ್ಲಿದೆ ಕೊಳಕು ಅಂತ ಹುಡುಕ್ತಿದ್ದೆ."

ಡಾಕ್ಟರ್ ಬರೆಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು. ಆಮೇಲೆ ಓಡುವ ಹಾಗೆ ಫೋನಿನ ಕಡೆಗೆ ಹೋದರು.

ಜುಲೈ 9, ಬುಧವಾರ

ಶಾಮಲಾ ಡಾಕ್ಟರ್ ನನ್ನನ್ನೂ ಶಿವರಾಜನನ್ನೂ ಕೂರಿಸಿಕೊಂಡು ಚೀಟಿಯ ಹಿಂದೆ ಚಿತ್ರ ಬರೆದು ಹೇಳಿದರು. ಬಿಳಿ ಕಣಗಳು ರಕ್ತನಾಳದೊಳಗೆ ಉರುಳುತ್ತಾ ಸಾಗುತ್ತವಂತೆ. ಗಾಯದ ಹತ್ತಿರ ಬಂದಾಗ ಗೋಡೆಯನ್ನು ಹಿಡಿದು ನಿಲ್ಲಬೇಕು, ಗೋಡೆಯ ಸಂದಿನಲ್ಲಿ ನುಸುಳಬೇಕು, ಆಮೇಲೆ ಮಾಂಸದೊಳಗೆ ತೆವಳಿ ಗಾಯ ಮುಟ್ಟಬೇಕು. ಹೀಗೆ ಹಿಡಿಯಲಿಕ್ಕೆಂದೇ ಕಣದ ಮೈಮೇಲೆ ಒಂದು ಪ್ರೋಟೀನ್ ಕುಟುಂಬವಿದೆ, ಹೆಸರು ಇಂಟಿಗ್ರಿನ್. ಇಪ್ಪತ್ತನಾಲ್ಕು ಬಗೆ. ರಕ್ತ ಹೆಪ್ಪುಗಟ್ಟಿಸುವುದು ಒಂದರ ಕೆಲಸ, ಅದಿಲ್ಲದವರಿಗೆ ರಕ್ತ ನಿಲ್ಲುವುದಿಲ್ಲ. ಚರ್ಮವನ್ನು ಮೈಗೆ ಅಂಟಿಸಿಡುವುದು ಇನ್ನೊಂದರದು, ಅದಿಲ್ಲದ ಕೂಸಿನ ಮೈಯೆಲ್ಲ ಗುಳ್ಳೆ. ಕ್ಯಾನ್ಸರ್ ಕಣಗಳು ಊರು ಬಿಟ್ಟು ಊರಿಗೆ ಹೋಗುವುದೂ ಇವನ್ನೇ ಹಿಡಿದುಕೊಂಡಂತೆ. ಬಿಳಿ ಕಣಗಳ ಪಾಲಿಗೆ ಬರುವ ಇಂಟಿಗ್ರಿನ್‌ಗಳಿಗೆಲ್ಲ ಒಂದೇ ಕೊಂಡಿ. ಆ ಕೊಂಡಿ ನಮ್ಮ ಕೂಸಿಗೆ ಇಲ್ಲವೆಂದು ಇವರ ಅನುಮಾನ. ರಕ್ತವನ್ನು ಬೆಂಗಳೂರಿಗೆ ಕಳಿಸಿದ್ದಾರೆ.

ಶಿವರಾಜ ಬಾಯಿ ಬಿಟ್ಟುಕೊಂಡು ಕೇಳಿ ಕೊನೆಗೆ, "ಅಂದ್ರೆ ಕಾರ್ಖಾನೆ ಗೇಟಲ್ಲಿ ಶಿಫ್ಟ್ ಬಸ್ ನಿಲ್ದೇನೇ ಹೋಗ್ತಿದೆ. ಬಸ್ ತುಂಬ ಜನ, ಒಳಗೆ ಕೆಲಸಕ್ಕೆ ಒಬ್ಬನೂ ಇಲ್ಲ. ಅಲ್ವಾ ಮೇಡಂ?" ಎಂದ. ಡಾಕ್ಟರ್ ಹೌದೆಂದರು. ಅದಕ್ಕೇ ರಕ್ತದಲ್ಲಿ ಎಪ್ಪತ್ತು ಸಾವಿರ, ಗಾಯದಲ್ಲಿ ಸೊನ್ನೆ.

ನನಗೆ ನನ್ನ ಮೇಲೇ ಸಿಟ್ಟು ಬಂತು. ಮೂವತ್ತೆರಡು ವರ್ಷ ಬಿಳಿ ಕಣ ಎಣಿಸಿದ್ದೇನೆ. ಗಾಜಿನ ಮೇಲೆ ಸತ್ತು ಬಿದ್ದವನ್ನೇ ಎಣಿಸಿದೆ. ಅವಕ್ಕೆ ಹಿಡಿಯಲು, ನಡೆಯಲು ಏನು ಬೇಕೆಂದು ಒಂದು ದಿನವೂ ಯೋಚಿಸಲಿಲ್ಲ.

"ಗಾಯದ ಸ್ಲೈಡ್ ಯಾರಾದ್ರೂ ಮಾಡಿದ್ರಾ?" ಎಂದು ಡಾಕ್ಟರ್ ಕೇಳಿದರು. ಇಲ್ಲ ಎಂದೆ.

ಜುಲೈ 16, ಬುಧವಾರ

ಹೊಕ್ಕುಳು ಇವತ್ತು ಬಿತ್ತು. ಮೂವತ್ತೆಂಟು ದಿನ. ಜ್ವರವೂ ಇಳಿದಿದೆ. ವಾರ್ಡಿನಲ್ಲಿ ತೊಟ್ಟಿಲೆಲ್ಲಿಂದ ತರುವುದು? ಕಲ್ಲಮ್ಮ ಕಬ್ಬಿಣದ ಮಂಚದ ಮೇಲೆ ಸೀರೆ ಮಡಚಿ ಹಾಸಿ, ಕೂಸನ್ನು ಮಲಗಿಸಿ, ಕಿವಿಯಲ್ಲಿ ಅಮೂಲ್ಯಾ ಎಂದು ಮೂರು ಸಲ ಹೇಳಿದಳು. ನನ್ನನ್ನೊಂದು ಮಾತು ಕೇಳಲಿಲ್ಲ. ಹೆಸರು ಕೆಟ್ಟದ್ದೇನಲ್ಲ, ಕೇಳಬಹುದಿತ್ತು.

ಜುಲೈ 18, ಶುಕ್ರವಾರ

ಬೆಂಗಳೂರಿನ ರಿಪೋರ್ಟ್ ಬಂತು. ಆ ಕೊಂಡಿ ನೂರಕ್ಕೆ ಒಂದು ಪಾಲೂ ಇಲ್ಲ. ಕೊಂಡಿ ಮಾಡುವ ಜೀನಿನ ಪ್ರತಿ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಕೆಟ್ಟದ್ದೇ ಬಂದರೆ ಮಾತ್ರ ಹೀಗಾಗುವುದಂತೆ. ಒಂದೇ ಇದ್ದವರಿಗೆ ಏನೂ ಆಗುವುದಿಲ್ಲ. ನಮ್ಮ ಅವ್ವನಲ್ಲಿ ಒಂದು ಇದ್ದಿರಬೇಕು, ಅವಳ ತಮ್ಮ ಬಂಗಾರಪ್ಪನಲ್ಲೂ ಇದ್ದಿರಬೇಕು. ಅವ್ವನಿಂದ ಕಲ್ಲಮ್ಮನಿಗೂ ನನಗೂ ಬಂದಿದೆ. ಹೊರಗೆ ಹೋಗಬಾರದೆಂದು ನೆಂಟಸ್ತಿಕೆ ಒಳಗೇ ಸುತ್ತಿಸಿದೆವು. ಇದನ್ನೂ ಒಳಗೇ ಸುತ್ತಿಸಿದೆವು.

"ಯಾರ ಕೈಯಿಂದಲೂ ಬಂದಿದ್ದಲ್ಲ ಇದು" ಎಂದು ಡಾಕ್ಟರ್ ಸುಮನಾಳಿಗೆ ಎರಡು ಸಲ ಹೇಳಿದರು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಔಷಧಿಯಲ್ಲಿ ಎಷ್ಟು ದಿನ ತಳ್ಳಬಹುದು ಎಂದರೆ ಹೇಳುವುದಿಲ್ಲ. ಇಂಥ ಮಕ್ಕಳಲ್ಲಿ ಎರಡು ವರ್ಷ ದಾಟುವವು ಕಡಿಮೆ. ಉಳಿಯಬೇಕೆಂದರೆ ಬೇರೆಯವರ ಮೂಳೆಯೊಳಗಿನ ಮಜ್ಜೆಯನ್ನು ಹಾಕಬೇಕು, ಅದರಿಂದ ಹೊಸ ಬಿಳಿ ಕಣ ಹುಟ್ಟಬೇಕು. ವೆಲ್ಲೂರಿನಲ್ಲಿ ಮಾಡುತ್ತಾರೆ. ಮಜ್ಜೆ ಹೊಂದುವವರು ಸಿಗಬೇಕು.

ಎಲ್ಲರೂ ಹೊರಗೆ ಹೋದ ಮೇಲೆ ಡಾಕ್ಟರ್ ಹತ್ತಿರ ಸ್ಲೈಡಿನ ಮಾತು ಹೇಳಿಬಿಟ್ಟೆ. ಕ್ರಿಮಿ ರಾಶಿ, ಕೀವು ಕಣ ಸೊನ್ನೆ, ನಾನೇ ನೋಡಿದೆ, ನಾನೇ ಬಿಸಾಡಿದೆ ಎಂದೆ. ಅವರು ಬೈಯುತ್ತಾರೆಂದು ಕಾದೆ. "ಕಾಯಿಲೆಯ ಹೆಸರೇ ಆ ಸ್ಲೈಡಲ್ಲಿತ್ತು. ನಾಲ್ಕು ದಿನ ಹೋಯ್ತು" ಎಂದಷ್ಟೇ ಹೇಳಿ ಕನ್ನಡಕ ಒರೆಸಿಕೊಂಡರು. ಬೈದಿದ್ದರೆ ನಾನೂ ತಿರುಗಿ ಏನಾದರೂ ಹೇಳುತ್ತಿದ್ದೆ.

ಜುಲೈ 27, ಭಾನುವಾರ

ಕಲ್ಲಮ್ಮನಿಗೆ ಹೇಳಬೇಕು. ವಿಮಲಮ್ಮ ದಿನಾ ನೆನಪಿಸುತ್ತಾಳೆ. ನನಗೆ ಮರೆತಿದೆ ಎಂದು ಇವಳಿಗೆ ಯಾರು ಹೇಳಿದರು?

ಆಗಸ್ಟ್ 17, ಭಾನುವಾರ

ಮನೆಯವರೆಲ್ಲರ ರಕ್ತ ವೆಲ್ಲೂರಿಗೆ ಕಳಿಸಬೇಕು. ಶಿವರಾಜ, ಸುಮನಾ, ವಿಮಲಮ್ಮ, ನಾನು ಆಯಿತು. ಇನ್ನು ಕಲ್ಲಮ್ಮ. ಸೂಜಿ, ಟ್ಯೂಬು ಚೀಲಕ್ಕೆ ಹಾಕಿಕೊಂಡು ನಾನೇ ಭದ್ರಾವತಿಗೆ ಹೊರಟೆ. ಬಸ್ಸಿನಲ್ಲಿ ಪಕ್ಕದವನು ನನ್ನ ಹೆಗಲ ಮೇಲೆ ನಿದ್ದೆ ಹೊಡೆದ. ಎಬ್ಬಿಸುವ ಮನಸ್ಸಾಗಲಿಲ್ಲ.

ಅವಳ ಮನೆ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಹಿತ್ತಿಲ ಬೇಲಿಯ ಹತ್ತಿರ ಪಕ್ಕದ ಮನೆಯವಳ ಜೊತೆ ತಮಿಳಿನಲ್ಲಿ ಹರಟುತ್ತಿದ್ದಳು. ನನ್ನನ್ನು ಕಂಡು ಒಳಗೆ ಬಂದಳು. ಬಸ್ಸಿನಲ್ಲಿ ಪೋಣಿಸಿಕೊಂಡು ಬಂದ ಮಾತೆಲ್ಲ ಹೋಗಿ, ನಿಂತ ನಿಲುವಿನಲ್ಲೇ ಹೇಳಿದೆ.

"ಕಲ್ಲವ್ವ, ನಿನ್ನ ಕೂಸಿಗೂ ಇದೇ ಆಗಿತ್ತು. ನಿನ್ನ ಕೈಯಿಂದ ಅಲ್ಲ. ಅದು ನಮ್ಮ ರಕ್ತದಲ್ಲೇ ಇತ್ತು, ನನ್ನಲ್ಲೂ ಇದೆ. ನಾನು ಅವತ್ತು ಹೇಳಿದ್ದು ತಪ್ಪು. ಮೊನ್ನೆ ಹೇಳಿದ್ದೂ ತಪ್ಪು."

ಅವಳು ಮಣೆಯ ಮೇಲೆ ಕೂತಳು. ಬೈಯಲಿ, ಅಳಲಿ, ಏನಾದರೂ ಮಾಡಲಿ ಎಂದು ಚೀಲ ಹಿಡಿದೇ ನಿಂತಿದ್ದೆ.

"ನಂಗೆ ಗೊತ್ತಿತ್ತು ಅಣ್ಣ" ಎಂದಳು.

"ಗೊತ್ತಿತ್ತಾ? ಮತ್ಯಾಕೆ ಹೇಳ್ಲಿಲ್ಲ?"

"ನೀನು ಓದಿದೋನು. ನಾನ್ ಹೇಳಿದ್ರೆ ಕೇಳ್ತಿದ್ದೋನಾ? ಅವ್ರೂ ನಿನ್ನ ಮಾತೇ ನಂಬಿದ್ರು. ಸಾಯೋ ತನಕ ಶಿವರಾಜನ್ನ ನನ್ನ ಕೈಲಿ ಊಟ ಮಾಡಿಸ್ಬೇಕಾದ್ರೆ ನೋಡ್ತಾ ಕೂರ್ತಿದ್ರು."

ಅವ್ರು ಎಂದರೆ ಗಂಡ ಬಂಗಾರಪ್ಪ. ಇದು ನನಗೆ ಗೊತ್ತಿರಲಿಲ್ಲ. ಮೂವತ್ತೆರಡು ವರ್ಷದಲ್ಲಿ ಎಷ್ಟು ಸಲ ಈ ಮನೆಯಲ್ಲಿ ಊಟ ಮಾಡಿದ್ದೇನೆ. ನಾನು ಅತ್ತುಬಿಟ್ಟೆ. ಅದನ್ನು ಬರೆಯುವುದರಲ್ಲಿ ನಾಚಿಕೆಯೇನೂ ಇಲ್ಲ.

ಆಮೇಲೆ ಅವಳೇ ತೋಳಿನ ಸೆರಗು ಸರಿಸಿ ಕೈ ಚಾಚಿದಳು. ನಾನು ಸೂಜಿ ತೆಗೆದೆ.

"ಬಸ್ಸಿನ ಕಂಬಿ ಹಿಡ್ದು ಬಂದಿದೀಯ. ಮೊದ್ಲು ಕೈ ತೊಳ್ಕೊಂಡು ಬಾ" ಎಂದಳು.

ಸೋಪು ಹಾಕಿ ಮೂರು ಸಲ ತೊಳೆದೆ.

ಸೆಪ್ಟೆಂಬರ್ 12, ಶುಕ್ರವಾರ

ವೆಲ್ಲೂರಿನಿಂದ ಫ್ಯಾಕ್ಸ್. ನನ್ನದು ಅರ್ಧ. ಸುಮನಾಳದು ಅರ್ಧ. ಶಿವರಾಜನದೂ ಅರ್ಧ. ವಿಮಲಮ್ಮನದು ಏನೂ ಇಲ್ಲ. ಕಲ್ಲಮ್ಮನದು ಪೂರ್ತಿ ಹೊಂದುತ್ತದೆ.

ಬೇರೆ ಮನೆತನಗಳಲ್ಲಿ ಅಜ್ಜಿಯದು ಹೀಗೆ ಹೊಂದುವುದು ಅಪರೂಪವಂತೆ. ಒಳಗೊಳಗೇ ಕೊಟ್ಟು ತಂದದ್ದರಿಂದ ನಮ್ಮಲ್ಲಿ ಹೊಂದಿದೆ ಎಂದರು ಶಾಮಲಾ ಡಾಕ್ಟರ್. ಯಾವುದಕ್ಕೆ ಬೈಯುವುದು, ಯಾವುದಕ್ಕೆ ಕೈ ಮುಗಿಯುವುದು? ತಲೆ ಚಿಟ್ಟು ಹಿಡಿದು ಹೋಗಿದೆ. ಕೆಟ್ಟ ಪ್ರತಿ ಒಂದೇ ಇರುವುದರಿಂದ ಅವಳ ಕಣಗಳು ಚೆನ್ನಾಗಿಯೇ ನಡೆಯುತ್ತವಂತೆ. ಐವತ್ತೆರಡು ವರ್ಷ ಅವಳ ಗಾಯಗಳೆಲ್ಲ ಮಾದಿವೆಯಲ್ಲ, ಅದಕ್ಕೆ ಬೇರೆ ಪುರಾವೆ ಬೇಡ ಎಂದರು.

ಖರ್ಚಿನ ಮಾತು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಶಿವರಾಜ ಓಡಾಡುತ್ತಿದ್ದಾನೆ.

ಡಿಸೆಂಬರ್ 9, ಮಂಗಳವಾರ, ವೆಲ್ಲೂರು

ಈ ಊರಲ್ಲಿ ನಾನು ಯಾರಿಗೂ ಬೇಡ. ಏನು ಕೇಳಿದರೂ ತಮಿಳು. ಕಲ್ಲಮ್ಮ ಮಾತ್ರ ಇಲ್ಲೇ ಹುಟ್ಟಿದವಳ ಹಾಗೆ ನರ್ಸುಗಳ ಜೊತೆ ನಗುತ್ತಾ ಓಡಾಡುತ್ತಾಳೆ. ನಾನು ಅವಳ ಹಿಂದೆ ಚೀಲ ಹಿಡಿದು ಹೋಗುತ್ತೇನೆ. "ಏನಂದ್ರು?" ಎಂದರೆ, "ತಡಿ ಅಣ್ಣ, ಹೇಳ್ತೀನಿ" ಎಂದು ಇನ್ನೊಬ್ಬಳ ಜೊತೆ ಶುರು ಮಾಡುತ್ತಾಳೆ.

ಕೂಸನ್ನು ಗಾಜಿನ ಕೋಣೆಗೆ ಹಾಕಿದ್ದಾರೆ. ಹಳೆಯ ಮಜ್ಜೆಯನ್ನು ಸುಡುವ ಔಷಧಿ ನಡೆಯುತ್ತಿದೆ. ತಲೆಯ ಮೇಲೆ ಇದ್ದ ನಾಲ್ಕು ಕೂದಲೂ ಉದುರಿವೆ. ಸುಮನಾ ಒಳಗಿದ್ದಾಳೆ. ಗಾಜಿನಾಚೆಯಿಂದ ಕೈ ಮಾಡಿದರೆ ಕೂಸು ನನ್ನ ಕಡೆ ನೋಡುವುದಿಲ್ಲ, ಮೇಲೆ ತಿರುಗುವ ಫ್ಯಾನಿನ ಕಡೆ ನೋಡುತ್ತದೆ.

ಡಿಸೆಂಬರ್ 11, ಗುರುವಾರ, ವೆಲ್ಲೂರು

ಕಲ್ಲಮ್ಮನನ್ನು ಮಲಗಿಸಿ ಸೊಂಟದ ಮೂಳೆಯಿಂದ ಮಜ್ಜೆ ತೆಗೆದರು. ಒಂದೂವರೆ ಗಂಟೆ ಎಂದವರು ಎರಡೂಕಾಲು ಗಂಟೆ ಮಾಡಿದರು. ಮಧ್ಯೆ ಬಂದು ಒಂದು ಮಾತು ಹೇಳುವವರು ಬೇಡವೇ? ಎಚ್ಚರವಾದ ಮೇಲೆ ಅವಳಿಗೆ ನೀರೂ ಕೊಡಲಿಲ್ಲ, ವಾಂತಿಯಾಗುತ್ತದೆ ಎಂದು. ನಾನು ಗಲಾಟೆ ಮಾಡಿದೆ. ದಿಂಬು ಗಟ್ಟಿಯಾಗಿದೆ ಎಂದೂ ಗಲಾಟೆ ಮಾಡಿದೆ. ಗಂಜಿ ತಣ್ಣಗಿತ್ತು. ವಾಪಸ್ ಕಳಿಸಿ ಬಿಸಿ ಮಾಡಿಸಿ ತಂದು ಚಮಚದಲ್ಲಿ ಕುಡಿಸಿದೆ.

"ಸುಮ್ನಿರು ಮಾರಾಯ, ಎಲ್ಲ ನಿನ್ನೇ ನೋಡ್ತಿದಾರೆ" ಎಂದಳು. ನೋಡಲಿ.

ಮಜ್ಜೆ ಸಂಜೆ ಕೂಸಿನ ಮೈಗೆ ಹೋಯಿತು. ನೋಡಲು ಬರೀ ಒಂದು ಚೀಲ ರಕ್ತ.

ಡಿಸೆಂಬರ್ 19, ಶುಕ್ರವಾರ, ವೆಲ್ಲೂರು

ಬಿಳಿ ಕಣ ಸೊನ್ನೆ. ನಿನ್ನೆಯೂ ಸೊನ್ನೆ. ಬಾಯೆಲ್ಲ ಹುಣ್ಣಾಗಿದೆ, ಕೂಸಿಗೆ ಅಳಲೂ ಆಗುವುದಿಲ್ಲ.

ಡಿಸೆಂಬರ್ 28, ಭಾನುವಾರ, ವೆಲ್ಲೂರು

ಮುನ್ನೂರು. ಇಲ್ಲಿನ ಮಿಷನ್ ಹೇಳಿದ್ದು. ನಂಬುತ್ತೇನೆ.

ಸೆಪ್ಟೆಂಬರ್ 5, 2004, ಭಾನುವಾರ

ಹೊಸ ಡೈರಿಯಲ್ಲಿ ಇದೇ ಮೊದಲು ಬರೆಯುತ್ತಿರುವುದು. ಬೇರೆ ಕಂಪನಿಯದು, ಕಾಗದ ಕಳಪೆ, ಶಾಯಿ ಒಡೆಯುತ್ತದೆ.

ಅಮೂಲ್ಯಾ ಭದ್ರಾವತಿಯಲ್ಲಿ ಅಪ್ಪ ಅಮ್ಮನ ಜೊತೆಗಿದ್ದಾಳೆ. ಗೋಡೆ ಹಿಡಿದು ನಡೆಯುತ್ತಾಳೆ. ವೆಲ್ಲೂರಿನವರು ಅವಳ ರಕ್ತದಲ್ಲಿ ಈಗ ಇರುವ ಬಿಳಿ ಕಣಗಳೆಲ್ಲ ಕಲ್ಲಮ್ಮನವೇ ಎಂದು ಬರೆದಿದ್ದಾರೆ. ಆದರೆ ಅವು ಕೆಲಸ ಮಾಡುತ್ತವೆಯೇ ಇಲ್ಲವೇ ಎಂದು ಕಾಗದ ನೋಡಿ ನನಗೆ ಸಮಾಧಾನವಾಗಿರಲಿಲ್ಲ. ಒಂಬತ್ತು ತಿಂಗಳು ದಿನಾ ಫೋನಿನಲ್ಲಿ ತಲೆ ತಿಂದಿದ್ದೇನೆ.

ಬೆಳಿಗ್ಗೆ ಸುಮನಾಳ ಫೋನ್ ಬಂತು. ಅಳುತ್ತಿದ್ದಳು. "ಅಪ್ಪ, ಕಾಲಿಗೆ ಸೊಳ್ಳೆ ಕಚ್ಚಿದ ಕಡೆ ಕುರು ಆಗಿದೆ. ಶಾಮಲಾ ಮೇಡಂಗೆ ಹೇಳಿ ಔಷಧಿ ಶುರು ಮಾಡಿದ್ವಿ. ಆದ್ರೆ ಹಳದಿ ಕಾಣ್ತಿದೆ."

"ಏನು ಹಳದಿ? ಸರಿಯಾಗಿ ಹೇಳು."

"ಕೀವು ಅನ್ಸತ್ತೆ ಅಪ್ಪ."

ನಾನು ಲ್ಯಾಬಿಗೆ ಹೋಗಿ ಸ್ಲೈಡು, ಹತ್ತಿಕಡ್ಡಿ ತೆಗೆದುಕೊಂಡು ಸಿಕ್ಕಿದ ಬಸ್ಸು ಹತ್ತಿದೆ. ಕೂಸು ಕಲ್ಲಮ್ಮನ ತೊಡೆಯ ಮೇಲಿತ್ತು. ಮೀನಖಂಡದ ಮೇಲೆ ಕಡಲೆಕಾಳಿನಷ್ಟು ಕುರು, ತುದಿ ಹಳದಿ. ಒತ್ತುವ ಮೊದಲೇ ಒಡೆಯಿತು. ಕೂಸು ನನ್ನ ಮುಖಕ್ಕೆ ಒದೆಯಿತು. ಗಟ್ಟಿಯಾಗಿ ಒದೆಯಿತು.

"ಕಲ್ಲವ್ವ, ನೀನೂ ಬಾ" ಎಂದೆ. ಯಾಕೆ, ಎಲ್ಲಿಗೆ ಎಂದು ಅವಳು ಕೇಳಲಿಲ್ಲ. ಸ್ಲೈಡನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಅವಳ ಮಡಿಲಿಗೆ ಕೊಟ್ಟೆ. ಇಬ್ಬರೂ ಶಿವಮೊಗ್ಗಕ್ಕೆ ಬಂದೆವು. ಭಾನುವಾರವಾದ್ದರಿಂದ ಲ್ಯಾಬಿಗೆ ಬೀಗ, ಬೀಗ ತೆಗೆದರೆ ಕರೆಂಟಿಲ್ಲ. ಹಳೆಯ ಮೈಕ್ರೋಸ್ಕೋಪನ್ನು ಕಿಟಕಿಯ ಹತ್ತಿರ ತಂದು ಕನ್ನಡಿಯನ್ನು ಬೆಳಕಿಗೆ ತಿರುಗಿಸಿದೆ. ಬಣ್ಣ ಹಾಕುವಾಗ ಅರ್ಧ ಮೇಜಿನ ಮೇಲೆ ಚೆಲ್ಲಿತು.

ಕಣ್ಣಿಟ್ಟೆ. ಎಲ್ಲಿ ನೋಡಿದರೂ ಕೀವು ಕಣ. ಎಣಿಸಲು ಶುರು ಮಾಡಿ ಬಿಟ್ಟುಬಿಟ್ಟೆ. ಎಷ್ಟೋ ಕಣಗಳ ಹೊಟ್ಟೆಯೊಳಗೆ ನುಂಗಿದ ಕ್ರಿಮಿಗಳು ಚುಕ್ಕಿ ಚುಕ್ಕಿಯಾಗಿ ಕಾಣುತ್ತಿದ್ದವು. ಕಣ್ಣು ಒದ್ದೆಯಾಗಿ ಮುಂದಿನದೇನೂ ಕಾಣಲಿಲ್ಲ.

"ಬಾ ಇಲ್ಲಿ, ನೋಡು" ಎಂದು ಅವಳನ್ನು ಸ್ಟೂಲಿನ ಮೇಲೆ ಕೂರಿಸಿದೆ. ಒಂದು ಕಣ್ಣು ಮುಚ್ಚಲು ಅವಳಿಗೆ ಬರುವುದಿಲ್ಲ. ನಾನೇ ಕೈ ಅಡ್ಡ ಹಿಡಿದೆ.

"ಕೆಂಪು ಕೆಂಪು ಉಂಡೆ ಇದಾವೆ."

"ಅವೇ. ಅವು ನಿನ್ನವು. ನಿನ್ನ ಮೂಳೆಯಿಂದ ಹೋದವು. ಕೂಸಿನ ಕಾಲಿನ ತನಕ ಹೋಗಿ, ಗೋಡೆ ಹಿಡ್ದು ನಿಂತು, ಇಳಿದು, ಗಾಯಕ್ಕೆ ನಡ್ಕೊಂಡು ಬಂದಿದಾವೆ."

"ಎಲ್ಲ ನನ್ನವೇನಾ?"

"ಎಲ್ಲ ನಿನ್ನವೇ. ಕೂಸು ಉಳೀತು ಕಲ್ಲವ್ವ."

ಅವಳು ಕಣ್ಣು ತೆಗೆಯಲಿಲ್ಲ. ನೋಡುತ್ತಲೇ ಕೇಳಿದಳು:

"ಅಣ್ಣ, ಆವಾಗ ಯಾರಾದ್ರೂ ಕೇಳಿದ್ರೆ, ನನ್ನ ಕೂಸಿಗೂ ಕೊಡ್ತಿದ್ನಲ್ಲ?"

ಆಗ ಇದು ಯಾರಿಗೂ ಗೊತ್ತಿರಲಿಲ್ಲ, ಎಲ್ಲೂ ಆಗುತ್ತಿರಲಿಲ್ಲ ಎಂದು ಹೇಳಬಹುದಿತ್ತು. ನಿಜವೂ ಅದೇ. ಆದರೆ ಅವಳು ಕೇಳಿದ್ದು ಅದನ್ನಲ್ಲ.

"ನೀನು ಕೊಡ್ತಿದ್ದೆ" ಎಂದೆ.

ಆಮೇಲೂ ಅವಳು ನೋಡುತ್ತಲೇ ಇದ್ದಳು. ಬೆಳಕು ಸರಿದ ಹಾಗೆ ನಾನು ಕನ್ನಡಿ ತಿರುಗಿಸುತ್ತಾ ನಿಂತೆ. ಭದ್ರಾವತಿಯ ಐದೂವರೆ ಬಸ್ಸು ಹೋಯಿತು, ಆರರದ್ದೂ ಹೋಯಿತು. ಎದ್ದೇಳು ಎಂದು ನಾನು ಹೇಳಲಿಲ್ಲ.